ಧ್ರುವ ಹಿಮದಲ್ಲಿ ಉಳಿದ ಗಾಳಿ: ಪ್ರಾಚೀನ ಮೀಥೇನ್ ಪ್ರಮಾಣದ ಪುನಾರಚನೆ

1. ಪ್ರವೇಶ

ಗತಕಾಲವನ್ನು ಕುರಿತ ಯಾವ ಅಧ್ಯಯನಕ್ಕಾದರೂ ಮೊದಲು ಎದುರಾಗುವುದು ಆಕರದ ಪ್ರಶ್ನೆ. ಶಾಸನ, ತಾಳೆಗರಿ, ಕಡತ, ಮೌಖಿಕ ಪಠ್ಯ ಇವುಗಳಲ್ಲಿ ಪ್ರತಿಯೊಂದೂ ತನ್ನದೇ ಆದ ರೀತಿಯಲ್ಲಿ ಕಾಲವನ್ನು ಉಳಿಸಿಕೊಳ್ಳುತ್ತದೆ. ತನ್ನದೇ ಆದ ರೀತಿಯಲ್ಲಿ ಅದನ್ನು ಮಸುಕುಗೊಳಿಸುತ್ತದೆ ಕೂಡ. ಆಕರವೊಂದರ ಮಾತನ್ನು ನಂಬುವ ಮೊದಲು ಅದು ಹೇಗೆ ರೂಪುಗೊಂಡಿತು, ಏನನ್ನು ಕಳೆದುಕೊಂಡಿತು, ಏನನ್ನು ನಂತರ ಸೇರಿಸಿಕೊಂಡಿತು ಎಂಬುದನ್ನು ವಿಚಾರಿಸಬೇಕಾಗುತ್ತದೆ. ಗಾಳಿಯ ಚರಿತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ಬೀಸಿ ಹೋದ ಗಾಳಿ ಗುರುತು ಬಿಡುವುದಿಲ್ಲವೆಂಬುದು ಸಾಮಾನ್ಯ ತಿಳುವಳಿಕೆ. ಆದರೆ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಮಂಜುಗಡ್ಡೆಯೊಳಗೆ ಲಕ್ಷಾಂತರ ವರ್ಷಗಳ ಗಾಳಿ ಸಣ್ಣ ಗುಳ್ಳೆಗಳಾಗಿ ಉಳಿದುಕೊಂಡಿದೆ. ಆ ಗಾಳಿಯನ್ನು ಹೊರತೆಗೆದು ಅಳೆಯುವ ಕೆಲಸ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾಗಿ ಇಂದು ಒಂದು ಸ್ವತಂತ್ರ ಅಧ್ಯಯನ ಶಾಖೆಯಾಗಿ ಬೆಳೆದಿದೆ.

ಈ ಗಾಳಿಯಲ್ಲಿರುವ ಅನಿಲಗಳಲ್ಲಿ ಮೀಥೇನ್ ಒಂದು. ಆಮ್ಲಜನಕವಿಲ್ಲದ ಕೆಸರಿನಲ್ಲಿ, ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಇದನ್ನು ಉತ್ಪಾದಿಸುತ್ತವೆ. ಕಾಡು ಹಾಗೂ ಹುಲ್ಲುಗಾವಲು ಉರಿದಾಗಲೂ, ಕಲ್ಲಿದ್ದಲು ಮತ್ತು ತೈಲದ ನಿಕ್ಷೇಪಗಳಿಂದಲೂ ಇದು ಹೊರಬರುತ್ತದೆ. ವಾತಾವರಣವನ್ನು ಸೇರಿದ ಮೀಥೇನ್ ಸುಮಾರು ಹತ್ತು ವರ್ಷಗಳಲ್ಲಿ ರಾಸಾಯನಿಕ ಕ್ರಿಯೆಯಿಂದ ನಾಶವಾಗುತ್ತದೆ. ಶಾಖವನ್ನು ಹಿಡಿದಿಡುವ ಸಾಮರ್ಥ್ಯದಲ್ಲಿ ಮಾತ್ರ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಪ್ರಬಲವಾದುದು. ಅದರ ಪ್ರಮಾಣವನ್ನು ಶತಕೋಟಿ ಭಾಗ ಗಾಳಿಯಲ್ಲಿ ಇಷ್ಟು ಭಾಗ ಎಂದು ಹೇಳುವುದು ರೂಢಿ; ಇದನ್ನು ಪಿಪಿಬಿ ಎಂದು ಸಂಕ್ಷೇಪಿಸುತ್ತಾರೆ. ವಿಶ್ವ ಹವಾಮಾನ ಸಂಸ್ಥೆಯ ವರದಿಯಂತೆ 2023ರಲ್ಲಿ ಜಾಗತಿಕ ಸರಾಸರಿ 1934 ಪಿಪಿಬಿ ಇದ್ದಿತು. ಕೈಗಾರಿಕಾ ಕ್ರಾಂತಿಗೆ ಮೊದಲು ಅದು ಸುಮಾರು 700 ಪಿಪಿಬಿ ಇತ್ತು. ಮೊದಲ ಅಂಕಿ ಉಪಕರಣಗಳು ನೇರವಾಗಿ ಅಳೆದದ್ದು. ಎರಡನೆಯದು ಮಂಜುಗಡ್ಡೆಯಿಂದ ಪುನಾರಚಿಸಿದ್ದು. ವಾತಾವರಣದ ಮೀಥೇನನ್ನು ಜಾಗತಿಕವಾಗಿ, ವ್ಯವಸ್ಥಿತವಾಗಿ ಅಳೆಯುವ ಕೆಲಸ 1980ರ ದಶಕದ ಆಸುಪಾಸಿನಲ್ಲಷ್ಟೇ ಆರಂಭವಾದುದರಿಂದ, ಅದಕ್ಕೂ ಹಿಂದಿನ ಎಲ್ಲ ಕಾಲಕ್ಕೆ ಹಿಮವೇ ಮುಖ್ಯ ಆಕರ.

ಧ್ರುವ ಪ್ರದೇಶಗಳಲ್ಲಿ ಟೊಳ್ಳು ಕೊಳವೆಯಂಥ ಯಂತ್ರದಿಂದ ಕೊರೆದು ಕಂಬದಾಕಾರದಲ್ಲಿ ಹೊರತೆಗೆಯುವ ಮಂಜುಗಡ್ಡೆಗೆ ವಿಜ್ಞಾನಿಗಳು ಐಸ್ ಕೋರ್ ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು ಹಿಮಸ್ತಂಭ ಎಂದು ಕರೆಯಲಾಗಿದೆ. ಹಿಮಸ್ತಂಭದಿಂದ ಪ್ರಾಚೀನ ಮೀಥೇನ್ ಪ್ರಮಾಣವನ್ನು ತಿಳಿಯುವ ವಿಧಾನ, ಅದರ ಇತಿಮಿತಿ ಮತ್ತು ಆ ಅಂಕಿಗಳು ಮನುಷ್ಯನ ಕೃಷಿ ಹಾಗೂ ಪಶುಪಾಲನೆಯ ಚರಿತ್ರೆಯನ್ನು ಕುರಿತು ಎತ್ತಿರುವ ವಿವಾದ ಇವುಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

2. ಗಾಳಿ ಸೆರೆಯಾಗುವ ಬಗೆ

ಧ್ರುವ ಪ್ರದೇಶದ ಒಳನಾಡಿನಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಪ್ರತಿ ವರ್ಷದ ಹಿಮ ಹಿಂದಿನ ವರ್ಷದ ಹಿಮದ ಮೇಲೆ ಕೂರುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಪದರಗಳು ಒತ್ತಿಕೊಳ್ಳುತ್ತ ಹೋಗುತ್ತವೆ. ಹಿಮದ ಹರಳುಗಳ ನಡುವೆ ಇರುವ ಸಂದುಗಳು ಆರಂಭದಲ್ಲಿ ಒಂದಕ್ಕೊಂದು ತೆರೆದುಕೊಂಡಿದ್ದು, ಅವುಗಳ ಮೂಲಕ ಹೊರಗಿನ ಗಾಳಿ ಒಳಕ್ಕೂ ಒಳಗಿನ ಗಾಳಿ ಹೊರಕ್ಕೂ ನಿಧಾನವಾಗಿ ಸಂಚರಿಸುತ್ತಿರುತ್ತದೆ. ಹಿಮವೂ ಅಲ್ಲದ, ಪೂರ್ಣ ಮಂಜುಗಡ್ಡೆಯೂ ಆಗಿರದ ಈ ಸ್ಥಿತಿಯ ಪದರಕ್ಕೆ ಫರ್ನ್ ಎಂದು ಹೆಸರು. ಸ್ಥಳದ ಉಷ್ಣತೆ ಮತ್ತು ಹಿಮಪಾತವನ್ನು ಅವಲಂಬಿಸಿ ಈ ಪದರ ಸಾಮಾನ್ಯವಾಗಿ 50ರಿಂದ 120 ಮೀಟರ್ ಆಳದವರೆಗೂ ಇರುತ್ತದೆ. ಅದರ ತಳದಲ್ಲಿ ಸಂದುಗಳು ಒಂದೊಂದಾಗಿ ಮುಚ್ಚಿಕೊಂಡು ಗುಳ್ಳೆಗಳಾಗುತ್ತವೆ. ಅಲ್ಲಿಂದ ಮುಂದೆ ಗುಳ್ಳೆಯೊಳಗಿನ ಗಾಳಿಗೆ ಹೊರಗಿನ ಸಂಪರ್ಕವಿಲ್ಲ. ಒಂದು ಕಿಲೋಗ್ರಾಂ ಮಂಜುಗಡ್ಡೆಯಲ್ಲಿ ಸುಮಾರು 100 ಮಿಲಿಲೀಟರ್ ಗಾಳಿ ಹೀಗೆ ಸೆರೆಯಾಗಿರುತ್ತದೆ.

ಇದರಿಂದ ಮಹತ್ವದ ಸಂಗತಿಯೊಂದು ಹೊರಡುತ್ತದೆ. ಗುಳ್ಳೆ ಮುಚ್ಚಿಕೊಳ್ಳುವ ವೇಳೆಗೆ ಅದರ ಸುತ್ತಣ ಮಂಜುಗಡ್ಡೆಗೆ ಬಹಳ ವಯಸ್ಸಾಗಿರುತ್ತದೆ. ಒಳಗಿನ ಗಾಳಿ ಮಾತ್ರ ಹೆಚ್ಚುಕಡಿಮೆ ಆ ಕಾಲದ್ದೇ. ಅಂದರೆ ಯಾವ ಆಳದಲ್ಲಿ ನೋಡಿದರೂ ಗಾಳಿ ತನ್ನನ್ನು ಹೊತ್ತಿರುವ ಮಂಜುಗಡ್ಡೆಗಿಂತ ಕಿರಿಯದು. ಹಳೆಯ ತಾಳೆಗರಿಯ ಮೇಲೆ ತಡವಾಗಿ ಬರೆದ ಬರಹದ ಕಾಲವನ್ನು ಗರಿಯ ಕಾಲದಿಂದ ನಿರ್ಧರಿಸಲು ಬಾರದಿರುವಂತೆಯೇ ಇಲ್ಲಿಯೂ ಎರಡನ್ನು ಬೇರೆಬೇರೆಯಾಗಿ ನಿರ್ಧರಿಸಬೇಕಾಗುತ್ತದೆ. ಪೂರ್ವ ಅಂಟಾರ್ಕ್ಟಿಕಾದ ಎತ್ತರದ ಬಯಲಿನಲ್ಲಿ ವರ್ಷಕ್ಕೆ ಬೀಳುವ ಹಿಮ ನೀರಿನ ಲೆಕ್ಕದಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ. ಅಲ್ಲಿ ಈ ಅಂತರ ಸುಮಾರು 2,000ದಿಂದ 6,000 ವರ್ಷಗಳವರೆಗೆ ಇರುತ್ತದೆ. ಅಂಟಾರ್ಕ್ಟಿಕಾದ ಕರಾವಳಿಗೆ ಹತ್ತಿರವಿರುವ ಲಾ ಡೋಮ್‌ನ ಕೆಲವೆಡೆ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ನೀರಿಗೆ ಸಮನಾದ ಹಿಮ ಬೀಳುತ್ತದೆ. ಅಲ್ಲಿ ಅಂತರ ಕೆಲವು ದಶಕಗಳಷ್ಟೇ.

3. ಕೊರೆತದಿಂದ ಅಂಕಿಯವರೆಗೆ

ಈ ಅಧ್ಯಯನ ಶಾಖೆಗೂ ತನ್ನದೊಂದು ಮೂಲಕಥೆಯಿದೆ. ಫ್ರಾನ್ಸಿನ ಹಿಮವಿಜ್ಞಾನಿ ಕ್ಲೋದ್ ಲೋರಿಯುಸ್ 1965ರಲ್ಲಿ ಅಂಟಾರ್ಕ್ಟಿಕಾದ ಅದೇಲಿ ಭೂಭಾಗದಲ್ಲಿದ್ದಾಗ, ಕೊರೆದು ತೆಗೆದ ಮಂಜುಗಡ್ಡೆಯ ಚೂರುಗಳನ್ನು ವಿಸ್ಕಿಯ ಲೋಟಕ್ಕೆ ಹಾಕಿ, ಕರಗುವಾಗ ಹೊರಬಂದ ಗುಳ್ಳೆಗಳನ್ನು ಕಂಡು ಅವು ಪುರಾತನ ಗಾಳಿಯ ಮಾದರಿಗಳಾಗಿರಬಹುದೆಂದು ಊಹಿಸಿದರೆಂಬ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಆ ಕಥೆಯ ಹಿಂದೆ ಹಲವರ ದೀರ್ಘ ಪರಿಶ್ರಮವಿದೆ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಮಂಜುಗಡ್ಡೆಯ ಆಮ್ಲಜನಕದ ಐಸೋಟೋಪುಗಳಿಂದ ಹಳೆಯ ಉಷ್ಣತೆಯನ್ನು ತಿಳಿಯುವ ಮಾರ್ಗವನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹಾನ್ಸ್ ಓಷ್‌ಗರ್ ಅವರ ಬಳಗ ಮತ್ತು ಫ್ರಾನ್ಸಿನ ಗ್ರೆನೋಬಲ್‌ನ ಬಳಗ ಸೆರೆಯಾದ ಗಾಳಿಯನ್ನು ಹೊರತೆಗೆಯುವ ತಂತ್ರಗಳನ್ನು ರೂಪಿಸಿದವು. 1982ರಲ್ಲಿ ಹಾರ್ಮನ್ ಕ್ರೇಗ್ ಮತ್ತು ಚೌ ಅವರು ಗ್ರೀನ್‌ಲ್ಯಾಂಡಿನ ಡೈ-3 ಎಂಬಲ್ಲಿಯ ಮಂಜುಗಡ್ಡೆಯನ್ನು ಪರೀಕ್ಷಿಸಿ, ಕೆಲವು ಶತಮಾನಗಳ ಹಿಂದೆ ಗಾಳಿಯಲ್ಲಿದ್ದ ಮೀಥೇನ್ ಇಪ್ಪತ್ತನೆಯ ಶತಮಾನದ ಪ್ರಮಾಣದ ಅರ್ಧದಷ್ಟಿತ್ತೆಂದು ತೋರಿಸಿದರು.

ಪ್ರಯೋಗಾಲಯದಲ್ಲಿ ನಡೆಯುವ ಕೆಲಸವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಹಿಮಸ್ತಂಭದ ಹೊರಮೈಯನ್ನು ಹೆರೆದು ತೆಗೆದು, ಒಳಭಾಗದಿಂದ ಸುಮಾರು ಐವತ್ತು ಗ್ರಾಂ ತೂಕದ ತುಂಡನ್ನು ಪಾತ್ರೆಯೊಳಗಿಡುತ್ತಾರೆ. ಪಾತ್ರೆಯ ಗಾಳಿಯನ್ನು ಪೂರ್ಣವಾಗಿ ಹೊರತೆಗೆದು ನಿರ್ವಾತಗೊಳಿಸಿದ ಮೇಲೆ ತುಂಡನ್ನು ಕರಗಿಸುತ್ತಾರೆ. ಗುಳ್ಳೆಗಳಿಂದ ಬಿಡುಗಡೆಯಾದ ಗಾಳಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಉಪಕರಣಕ್ಕೆ ಹಾಯಿಸಿ, ಪ್ರಮಾಣ ತಿಳಿದಿರುವ ಮಾದರಿ ಅನಿಲದೊಂದಿಗೆ ಹೋಲಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಅಳೆಯಲು ಈ ಕರಗಿಸುವ ವಿಧಾನ ಸಲ್ಲದು; ಕರಗಿದ ನೀರಿನಲ್ಲಿ ಧೂಳಿನ ಕಾರ್ಬೊನೇಟು ಹೊಸ ಅನಿಲವನ್ನು ಹುಟ್ಟಿಸುವುದರಿಂದ ಅಲ್ಲಿ ಮಂಜುಗಡ್ಡೆಯನ್ನು ಒಣದಾಗಿಯೇ ಪುಡಿಮಾಡಬೇಕು. 2010ರ ದಶಕದಿಂದ ಈಚೆಗೆ ಇನ್ನೊಂದು ಕ್ರಮವೂ ಬಳಕೆಗೆ ಬಂದಿದೆ. ಹಿಮಸ್ತಂಭವನ್ನು ಬಿಸಿ ಲೋಹದ ಫಲಕದ ಮೇಲೆ ನಿಲ್ಲಿಸಿ ತುದಿಯಿಂದ ನಿರಂತರವಾಗಿ ಕರಗಿಸುತ್ತ, ಹೊರಬರುವ ಗಾಳಿಯನ್ನು ಲೇಸರ್ ಕಿರಣದಿಂದ ಅಳೆಯುವುದು ಈ ಕ್ರಮ. ಬಿಡಿಬಿಡಿ ತುಂಡುಗಳ ಬದಲು ಅಖಂಡವಾದ ರೇಖೆಯೊಂದು ಇದರಿಂದ ದೊರೆಯುತ್ತದೆ.

4. ಆಕರದ ದೋಷಗಳು

ಹೀಗೆ ದೊರೆತ ಅಂಕಿ ಆ ಕಾಲದ ವಾತಾವರಣದ ಯಥಾವತ್ ಪ್ರತಿ ಎಂದು ತಿಳಿಯುವಂತಿಲ್ಲ. ಮೂರು ಬಗೆಯ ದೋಷಗಳನ್ನು ಗಮನಿಸಬೇಕು.

ಮೊದಲನೆಯದು ಕಾಲದ ಮಸುಕು. ಫರ್ನ್ ಪದರದಲ್ಲಿ ಗಾಳಿ ಬೆರೆಯುತ್ತಿರುವುದರಿಂದಲೂ, ಗುಳ್ಳೆಗಳೆಲ್ಲ ಒಂದೇ ಬಾರಿಗೆ ಮುಚ್ಚಿಕೊಳ್ಳದೆ ಇರುವುದರಿಂದಲೂ ಒಂದು ತುಂಡು ಮಂಜುಗಡ್ಡೆಯಲ್ಲಿ ಹಲವು ವರ್ಷಗಳ ಗಾಳಿ ಬೆರೆತಿರುತ್ತದೆ. ಹಿಮಪಾತ ಹೆಚ್ಚಿರುವಲ್ಲಿ ಈ ಬೆರಕೆ ಹತ್ತಿಪ್ಪತ್ತು ವರ್ಷಗಳಿಗೆ ಸೀಮಿತ. ಒಣಹವೆಯ ಒಳನಾಡಿನಲ್ಲಿ ಅದು ಶತಮಾನದ ಲೆಕ್ಕಕ್ಕೆ ಏರುತ್ತದೆ. ಆದ್ದರಿಂದ ಅತಿ ಪುರಾತನ ಕಾಲವನ್ನು ಮುಟ್ಟುವ ಹಿಮಸ್ತಂಭಗಳು ಅಲ್ಪಕಾಲದ ಏರಿಳಿತವನ್ನು ಹೇಳಲಾರವು. ಅಲ್ಪಕಾಲದ ಏರಿಳಿತವನ್ನು ಸ್ಪಷ್ಟವಾಗಿ ಹೇಳುವವು ಬಹಳ ಹಿಂದಕ್ಕೆ ಹೋಗಲಾರವು.

ಎರಡನೆಯದು ಭಾರದ ಪರಿಣಾಮ. ನಿಶ್ಚಲವಾದ ಫರ್ನ್ ಗಾಳಿಯಲ್ಲಿ ಗುರುತ್ವದಿಂದಾಗಿ ಭಾರವಾದ ಅಣುಗಳು ಕೆಳಕ್ಕೆ ತಂಗುತ್ತವೆ. ಸೆರೆಯಾಗುವ ಗಾಳಿಯ ಸಂಯೋಜನೆ ಇದರಿಂದ ಕಿಂಚಿತ್ ಬದಲಾಗುತ್ತದೆ. ಸಾರಜನಕದ ಐಸೋಟೋಪುಗಳನ್ನು ಅಳೆದು ಈ ವ್ಯತ್ಯಾಸವನ್ನು ಸರಿಪಡಿಸಲಾಗುತ್ತದೆ.

ಮೂರನೆಯದು ನಂತರದ ಸೇರ್ಪಡೆ. ಬೇಸಿಗೆಯಲ್ಲಿ ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟಿದ ಕಡೆ ಮೀಥೇನ್ ಅಸಹಜವಾಗಿ ಹೆಚ್ಚಿರುವುದು ಕಂಡುಬಂದಿದೆ. ಗ್ರೀನ್‌ಲ್ಯಾಂಡಿನ ನೀಮ್ ಎಂಬ ಸ್ಥಳದ ಹಿಮಸ್ತಂಭದಲ್ಲಿ ಅಲ್ಲಲ್ಲಿ ಚುಚ್ಚಿದಂತೆ ಏರುವ ಅಂಕಿಗಳು ದೊರೆತಾಗ, ಅವು ವಾತಾವರಣದ್ದಲ್ಲ, ಮಂಜುಗಡ್ಡೆಯೊಳಗೇ ಉತ್ಪನ್ನವಾದ ಮೀಥೇನಿನವು ಎಂದು ಸಂಶೋಧಕರು ನಿರ್ಣಯಿಸಿದರು. ಹಿಮಯುಗದ ಧೂಳು ತುಂಬಿದ ಗ್ರೀನ್‌ಲ್ಯಾಂಡ್ ಪದರಗಳನ್ನು ಕರಗಿಸುವಾಗ ಪ್ರಯೋಗಾಲಯದಲ್ಲಿಯೇ ಹೆಚ್ಚುವರಿ ಮೀಥೇನ್ ಹುಟ್ಟುತ್ತದೆಂಬುದು 2020ರಿಂದ ಈಚಿನ ಅಧ್ಯಯನಗಳಿಂದ ತಿಳಿದುಬಂದಿದೆ. ಲಿಪಿಕಾರನ ಕೈತಪ್ಪನ್ನೂ ಪ್ರಕ್ಷೇಪವನ್ನೂ ಗುರುತಿಸದೆ ಗ್ರಂಥಸಂಪಾದನೆ ಸಾಧ್ಯವಿಲ್ಲದಿರುವಂತೆ, ಇವುಗಳನ್ನು ಬೇರ್ಪಡಿಸದೆ ಗಾಳಿಯ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ.

5. ಎರಡು ಧ್ರುವಗಳ ಹೋಲಿಕೆ

ಇಂಥ ದೋಷಗಳ ನಡುವೆಯೂ ಹಿಮಸ್ತಂಭದ ಮೀಥೇನ್ ದಾಖಲೆ ವಿಶ್ವಾಸಾರ್ಹವೆನಿಸಿರುವುದಕ್ಕೆ ಮುಖ್ಯ ಕಾರಣ ಹೋಲಿಕೆ. ಮಧ್ಯ ಗ್ರೀನ್‌ಲ್ಯಾಂಡಿನಲ್ಲಿ ಐರೋಪ್ಯ ರಾಷ್ಟ್ರಗಳ ಗ್ರಿಪ್ ತಂಡ 1992ರಲ್ಲಿ, ಅಮೆರಿಕದ ಗಿಸ್ಪ್-2 ತಂಡ 1993ರಲ್ಲಿ, ಒಂದಕ್ಕೊಂದು ಸುಮಾರು 30 ಕಿಲೋಮೀಟರ್ ದೂರದಲ್ಲಿ ಮೂರು ಸಾವಿರ ಮೀಟರಿಗೂ ಆಳವಾಗಿ ಕೊರೆದು ಮುಗಿಸಿದವು. ತಳಕ್ಕೆ ಸಮೀಪದ ಪದರಗಳಲ್ಲಿ ಈ ಎರಡು ದಾಖಲೆಗಳು ಹೊಂದಿಕೆಯಾಗಲಿಲ್ಲ. ತಳದ ಮಂಜುಗಡ್ಡೆ ಹರಿವಿನಿಂದ ಮಡಿಚಿಕೊಂಡು ಕಾಲಾನುಕ್ರಮ ಕೆಟ್ಟಿರುವುದು ಎರಡನ್ನು ಹೋಲಿಸಿದ್ದರಿಂದಲೇ ಬೆಳಕಿಗೆ ಬಂದಿತು. ಅದರ ಮೇಲಿನ ಭಾಗದಲ್ಲಿ ಎರಡೂ ಒಂದೇ ಕಥನವನ್ನು ಹೇಳುತ್ತಿದ್ದವು.

ಜಾನಪದದಲ್ಲಿ ಕಾರ್ಲೆ ಕ್ರೋನ್ ಮತ್ತು ಆಂಟಿ ಆರ್ನೆ ಮುಂತಾದ ಫಿನ್ನಿಶ್ ವಿದ್ವಾಂಸರು ಬೆಳೆಸಿದ ಐತಿಹಾಸಿಕ-ಭೌಗೋಳಿಕ ವಿಧಾನ ಒಂದೇ ಕಥೆಯ ಅನೇಕ ಪಾಠಗಳನ್ನು ಹೋಲಿಸಿ ಮೂಲರೂಪವನ್ನು ಹುಡುಕಲು ಯತ್ನಿಸಿತು. ಮೌಖಿಕ ಪಠ್ಯಕ್ಕೆ ಒಂದು ಮೂಲರೂಪವಿತ್ತೆಂದು ಭಾವಿಸುವುದೇ ತಪ್ಪು, ಪ್ರತಿ ಹೇಳಿಕೆಯೂ ಸ್ವತಂತ್ರವೆಂಬ ಆಕ್ಷೇಪ ಆ ವಿಧಾನವನ್ನು ಮುಂದೆ ಬಹಳವಾಗಿ ದುರ್ಬಲಗೊಳಿಸಿತು. ಹಿಮಸ್ತಂಭಗಳ ವಿಷಯದಲ್ಲಿ ಆ ಆಕ್ಷೇಪಕ್ಕೆ ಎಡೆಯಿಲ್ಲ. ಮೀಥೇನ್ ವಾತಾವರಣದಲ್ಲಿ ಹತ್ತು ವರ್ಷದ ಆಸುಪಾಸು ಉಳಿಯುತ್ತದೆ. ಎರಡು ಗೋಳಾರ್ಧಗಳ ಗಾಳಿ ಬೆರೆಯಲು ಸುಮಾರು ಒಂದು ವರ್ಷ ಸಾಕು. ಹೀಗಾಗಿ ಎಲ್ಲ ಹಿಮಸ್ತಂಭಗಳೂ ಒಂದೇ ವಾತಾವರಣವನ್ನು ಕುರಿತು ಹೇಳುತ್ತಿರುವ ಪಾಠಗಳು. ಇಲ್ಲಿ ಮೂಲವೊಂದು ನಿಜವಾಗಿಯೂ ಇತ್ತು.

ಈ ಗುಣವನ್ನೇ ಆಧರಿಸಿ ಥಾಮಸ್ ಬ್ಲುನಿಯರ್ ಮತ್ತು ಎಡ್ವರ್ಡ್ ಬ್ರೂಕ್ 2001ರಲ್ಲಿ ಗ್ರೀನ್‌ಲ್ಯಾಂಡ್ ಹಾಗೂ ಅಂಟಾರ್ಕ್ಟಿಕಾದ ಹಿಮಸ್ತಂಭಗಳ ಕಳೆದ 90,000 ವರ್ಷಗಳ ಕಾಲಗಣನೆಯನ್ನು ಒಂದಕ್ಕೊಂದು ಹೊಂದಿಸಿದರು. ಮೀಥೇನ್ ಏಕಾಏಕಿ ಏರಿದ ಅಥವಾ ಇಳಿದ ಘಟ್ಟಗಳು ಎರಡೂ ಕಡೆ ಒಂದೇ ಕಾಲದವು ಎಂಬುದು ಅವರ ಆಧಾರ. ಹೀಗೆ ಹೊಂದಿಸಿದಾಗ, ಹಿಮಯುಗದಲ್ಲಿ ಗ್ರೀನ್‌ಲ್ಯಾಂಡ್ ತಣ್ಣಗಿದ್ದಾಗ ಅಂಟಾರ್ಕ್ಟಿಕಾ ನಿಧಾನವಾಗಿ ಬೆಚ್ಚಗಾಗುತ್ತಿತ್ತು ಎಂಬ ಸಂಗತಿ ಸ್ಪಷ್ಟವಾಯಿತು. ತಕ್ಕಡಿಯ ಎರಡು ತಟ್ಟೆಗಳಂತಿರುವ ಈ ಸಂಬಂಧವನ್ನು ಮೀಥೇನಿನ ನೆರವಿಲ್ಲದೆ ಇಷ್ಟು ನಿಖರವಾಗಿ ಕಾಣಲು ಸಾಧ್ಯವಾಗುತ್ತಿರಲಿಲ್ಲ.

ಎರಡು ಧ್ರುವಗಳ ಅಂಕಿಗಳಲ್ಲಿ ಸಣ್ಣ ಭೇದವೂ ಇದೆ. ಮೀಥೇನಿನ ಮೂಲಗಳಾದ ಭೂಭಾಗಗಳು ಉತ್ತರಾರ್ಧಗೋಳದಲ್ಲಿ ಹೆಚ್ಚಿರುವುದರಿಂದ ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಗ್ರೀನ್‌ಲ್ಯಾಂಡಿನ ಅಂಕಿ ಅಂಟಾರ್ಕ್ಟಿಕಾದ ಅಂಕಿಗಿಂತ ಸುಮಾರು 40 ಪಿಪಿಬಿಯಷ್ಟು ಮೇಲಿದೆ. ಮೀಥೇನ್ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಈ ಭೇದವೇ ಒಂದು ಸುಳಿವು.

6. ಎಂಟು ಲಕ್ಷ ವರ್ಷಗಳ ರೇಖೆ

ರಷ್ಯಾದ ವೋಸ್ತೋಕ್ ನೆಲೆಯಲ್ಲಿ ಕೊರೆದ ಹಿಮಸ್ತಂಭ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ಲಕ್ಷ ವರ್ಷಗಳಿಗೂ ಹಿಂದಿನ ದಾಖಲೆಯನ್ನು ನೀಡಿತು. ಹತ್ತು ಐರೋಪ್ಯ ರಾಷ್ಟ್ರಗಳು ಸೇರಿ ಕೈಗೊಂಡ ಎಪಿಕಾ ಯೋಜನೆಯಡಿ ಅಂಟಾರ್ಕ್ಟಿಕಾದ ಡೋಮ್-ಸಿ ಎಂಬಲ್ಲಿ 2004ರ ಡಿಸೆಂಬರಿನಲ್ಲಿ 3,270 ಮೀಟರ್ ಆಳ ಮುಟ್ಟಲಾಯಿತು. ಇದರ ಮೀಥೇನ್ ದಾಖಲೆ 2008ರಲ್ಲಿ ಪ್ರಕಟವಾಗಿ ಎಂಟು ಲಕ್ಷ ವರ್ಷಗಳ ಚಿತ್ರ ದೊರೆಯಿತು. ಆ ಅವಧಿಯಲ್ಲೆಲ್ಲ ಮೀಥೇನ್ ಸುಮಾರು 350 ಮತ್ತು 800 ಪಿಪಿಬಿಗಳ ನಡುವೆ ಏರಿಳಿದಿದೆ. ಹಿಮಯುಗಗಳಲ್ಲಿ ಕೆಳಮಟ್ಟ, ಅವುಗಳ ನಡುವಣ ಬೆಚ್ಚನೆಯ ಕಾಲಗಳಲ್ಲಿ ಮೇಲ್ಮಟ್ಟ. ಇಂದಿನ ಪ್ರಮಾಣ ಆ ಮೇಲ್ಮಟ್ಟದ ಎರಡರಷ್ಟಕ್ಕಿಂತ ಅಧಿಕ. 2025ರ ಜನವರಿಯಲ್ಲಿ ಡೋಮ್-ಸಿಗೆ ಸಮೀಪದ ಲಿಟಲ್ ಡೋಮ್-ಸಿಯಲ್ಲಿ ಐರೋಪ್ಯ ತಂಡ 2,800 ಮೀಟರ್ ಕೊರೆದು ತಳದ ಬಂಡೆಯನ್ನು ಮುಟ್ಟಿತು. ಅಲ್ಲಿ ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದಿನ ಮಂಜುಗಡ್ಡೆ ದೊರೆತಿದೆಯೆಂದು ಅಂದಾಜಿಸಲಾಗಿದೆ.

ಹಿಮಯುಗದ ಕೊನೆಯ ಬದಲಾವಣೆಗಳು ಎಷ್ಟು ಶೀಘ್ರವಾಗಿದ್ದವೆಂಬುದನ್ನು ಗ್ರೀನ್‌ಲ್ಯಾಂಡಿನ ದಾಖಲೆ ತೋರಿಸುತ್ತದೆ. ಸುಮಾರು 11,600 ವರ್ಷಗಳ ಹಿಂದೆ ಯಂಗರ್ ಡ್ರೈಯಸ್ ಎಂಬ ಶೀತಕಾಲ ಮುಗಿದಾಗ ಒಂದೆರಡು ಶತಮಾನದೊಳಗೆ ಮೀಥೇನ್ ಸುಮಾರು 200 ಪಿಪಿಬಿ ಏರಿತು. ಉಷ್ಣತೆಯ ಏರಿಕೆಯ ಗುರುತನ್ನು ಮಂಜುಗಡ್ಡೆಯಲ್ಲಿ ಹುಡುಕುವ ಬದಲು ಸೆರೆಯಾದ ಗಾಳಿಯ ಸಾರಜನಕದಲ್ಲಿಯೇ ಹುಡುಕಿದ ಜೆಫ್ ಸೆವೆರಿಂಗ್‌ಹೌಸ್ ಮತ್ತು ಸಂಗಡಿಗರು, ಮೀಥೇನ್ ಏರತೊಡಗಿದ್ದು ಉಷ್ಣತೆ ಏರಿದ ನಂತರ 30 ವರ್ಷಗಳ ಒಳಗೆ ಎಂದು 1998ರಲ್ಲಿ ತೋರಿಸಿದರು. ಎರಡು ಗುರುತುಗಳೂ ಗಾಳಿಯಲ್ಲಿಯೇ ಇರುವುದರಿಂದ ಗಾಳಿ ಮತ್ತು ಮಂಜುಗಡ್ಡೆಯ ವಯಸ್ಸಿನ ಅಂತರ ಇಲ್ಲಿ ತೊಡಕಾಗಲಿಲ್ಲ. ಸಮುದ್ರತಳದಲ್ಲಿ ಹೆಪ್ಪುಗಟ್ಟಿದ ಮೀಥೇನ್ ಏಕಾಏಕಿ ಹೊರಬಂದು ಹಿಮಯುಗವನ್ನು ಕೊನೆಗಾಣಿಸಿರಬಹುದೆಂಬ ಊಹೆ ಒಂದು ಕಾಲಕ್ಕೆ ಪ್ರಬಲವಾಗಿತ್ತು. ಮಂಜುಗಡ್ಡೆಯಲ್ಲಿ ದೊರೆತ ಮೀಥೇನಿನ ಐಸೋಟೋಪುಗಳ ಪರೀಕ್ಷೆ ಆ ಊಹೆಯನ್ನು ಸಮರ್ಥಿಸಲಿಲ್ಲ. ಏರಿಕೆಯ ಹೆಚ್ಚಿನ ಪಾಲು ಜೌಗುಭೂಮಿಗಳದ್ದೆಂಬ ನಿಲುವಿಗೆ ಅದು ಬಲ ತಂದಿತು.

7. ಐದು ಸಾವಿರ ವರ್ಷಗಳ ಹಿಂದಿನ ಏರಿಕೆ

ಹಿಮಯುಗ ಮುಗಿದ ಮೇಲೆ ಸುಮಾರು 700 ಪಿಪಿಬಿ ಇದ್ದ ಮೀಥೇನ್ ಕ್ರಮೇಣ ಇಳಿಯುತ್ತ ಐದು ಸಾವಿರ ವರ್ಷಗಳ ಹಿಂದೆ 600ಕ್ಕಿಂತ ಕೆಳಗೆ ಬಂದಿತು. ಅನಂತರ ಅದು ಮತ್ತೆ ಏರತೊಡಗಿ ಕೈಗಾರಿಕಾ ಕಾಲದ ಹೊಸ್ತಿಲಲ್ಲಿ 700ರ ಮಟ್ಟವನ್ನು ಮುಟ್ಟಿತ್ತು. ಈ ಏರಿಕೆಗೆ ಕಾರಣವೇನೆಂಬುದು ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ನಡೆಯುತ್ತಿರುವ ಪ್ರಮುಖ ವಿವಾದ.

ಅಮೆರಿಕದ ವಿಲಿಯಂ ರುಡ್ಡಿಮನ್ 2001ರಲ್ಲಿ ಸಹಲೇಖಕರೊಡನೆಯೂ 2003ರಲ್ಲಿ ಸ್ವತಂತ್ರವಾಗಿಯೂ ಬರೆದ ಲೇಖನಗಳಲ್ಲಿ ಇದಕ್ಕೆ ಮನುಷ್ಯನೇ ಕಾರಣನೆಂದು ವಾದಿಸಿದರು. ಹಿಂದಿನ ಬೆಚ್ಚನೆಯ ಕಾಲಗಳಲ್ಲಿ ಉತ್ತರಾರ್ಧಗೋಳದ ಬೇಸಿಗೆಯ ಬಿಸಿಲು ಕಡಿಮೆಯಾದಂತೆ ಮೀಥೇನ್ ಕೂಡ ಇಳಿಯುತ್ತಲೇ ಹೋಗಿದೆ. ಈ ಬಾರಿ ಮಾತ್ರ ಬಿಸಿಲು ಇಳಿದರೂ ಮೀಥೇನ್ ಏರಿದೆ. ಏಷ್ಯಾದಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುವ ಪದ್ಧತಿಯೂ ಪಶುಪಾಲನೆಯೂ ಹರಡಿದ್ದು ಇದೇ ಕಾಲದಲ್ಲಿ ಎಂಬುದು ಅವರ ವಾದದ ಸಾರ. 2011ರಲ್ಲಿ ಜಾಯ್ ಸಿಂಗಾರೆಯರ್ ಮತ್ತು ಸಂಗಡಿಗರು ಇದಕ್ಕೆ ಪ್ರತಿಯಾದ ವಿವರಣೆಯನ್ನು ಮುಂದಿಟ್ಟರು. ಭೂಮಿಯ ಕಕ್ಷೆಯ ನಿಧಾನಗತಿಯ ಬದಲಾವಣೆಯಿಂದ ದಕ್ಷಿಣಾರ್ಧಗೋಳದ ಉಷ್ಣವಲಯದಲ್ಲಿ ಮಳೆ ಹೆಚ್ಚಿ, ಜೌಗುಭೂಮಿಗಳು ವಿಸ್ತರಿಸಿದ್ದರಿಂದಲೇ ಏರಿಕೆಯಾಯಿತೆಂದು ಅವರ ಗಣಕ ಮಾದರಿ ಸೂಚಿಸಿತು.

ಮಂಜುಗಡ್ಡೆ ಪ್ರಮಾಣವನ್ನು ಹೇಳುತ್ತದೆ. ಆ ಪ್ರಮಾಣದ ಹಿಂದಿರುವ ಗದ್ದೆ, ಕೊಟ್ಟಿಗೆ, ಕಾಳ್ಗಿಚ್ಚುಗಳನ್ನು ಅದು ಹೆಸರಿಸಲಾರದು. ಆದ್ದರಿಂದ ಈ ವಿವಾದ ಪುರಾತತ್ತ್ವದ ಅಂಗಳಕ್ಕೆ ಬಂದಿತು. ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು 2011ರಲ್ಲಿ ಏಷ್ಯಾದ ಉದ್ದಗಲಕ್ಕೂ ಭತ್ತದ ಅವಶೇಷ ದೊರೆತ ನೆಲೆಗಳನ್ನೂ, ಏಷ್ಯಾ ಹಾಗೂ ಆಫ್ರಿಕಾದಲ್ಲಿ ಪಶುಪಾಲನೆ ಹರಡಿದ ಬಗೆಯನ್ನೂ ಕಾಲಾನುಕ್ರಮವಾಗಿ ಒಟ್ಟುಗೂಡಿಸಿದರು. ಭತ್ತವೆಂದರೆ ಎಲ್ಲ ಭತ್ತವೂ ಮೀಥೇನಿನ ಮೂಲವಲ್ಲವೆಂಬ ಎಚ್ಚರ ಇಲ್ಲಿ ಮುಖ್ಯ. ಮಳೆಯಾಶ್ರಯದ ಒಣನೆಲದಲ್ಲಿ ಬೆಳೆದ ಭತ್ತದಿಂದ ಮೀಥೇನ್ ಅಷ್ಟಾಗಿ ಹುಟ್ಟುವುದಿಲ್ಲ. ನೀರು ನಿಂತು ಕೆಸರಾದ ಗದ್ದೆಯಲ್ಲಿ ಅದು ಹುಟ್ಟಿ ಪೈರಿನ ಕಾಂಡದೊಳಗಿನ ಟೊಳ್ಳು ದಾರಿಯಿಂದ ಮೇಲೇರುತ್ತದೆ. ಆದ್ದರಿಂದ ಭತ್ತ ಎಲ್ಲಿತ್ತು ಎಂಬುದರ ಜೊತೆಗೆ ಯಾವ ಪದ್ಧತಿಯಲ್ಲಿ ಬೆಳೆಯುತ್ತಿದ್ದರು ಎಂಬುದನ್ನೂ ಕಂಡುಕೊಳ್ಳಬೇಕು. ನೀರಾವರಿ ಭತ್ತದ ವಿಸ್ತರಣೆ ಮೀಥೇನಿನ ಏರಿಕೆಯ ಗಣನೀಯ ಭಾಗವನ್ನು ವಿವರಿಸಬಲ್ಲದೆಂದೂ, ಇನ್ನೂ ಹಿಂದಿನ ಏರಿಕೆಯಲ್ಲಿ ದನಕರುಗಳ ಪಾಲನ್ನು ಪರಿಗಣಿಸಬೇಕೆಂದೂ ಆ ಅಧ್ಯಯನ ಅಭಿಪ್ರಾಯಪಟ್ಟಿತು.

ಈ ಪಶುಪಾಲನೆಯ ಚರಿತ್ರೆಯಲ್ಲಿ ಕರ್ನಾಟಕದ ನೆಲಕ್ಕೂ ಒಂದು ಸ್ಥಾನವಿದೆ. ಬಳ್ಳಾರಿ, ರಾಯಚೂರು ಹಾಗೂ ಸುರಪುರ ಪರಿಸರದಲ್ಲಿ ಹರಡಿರುವ ಬೂದಿದಿಬ್ಬಗಳು ನವಶಿಲಾಯುಗದ ಪಶುಪಾಲಕರು ಬಿಟ್ಟುಹೋದ ಕುರುಹುಗಳು. ಹಂಪೆಯ ಬಳಿಯ ನಿಂಬಾಪುರದ ಬೂದಿಯ ರಾಶಿಯನ್ನು ವಾಲಿಯ ದಹನದ ಬೂದಿಯೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ದನದ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಯನ್ನು ಮತ್ತೆಮತ್ತೆ ಸುಟ್ಟುದರಿಂದ ಇಂಥ ದಿಬ್ಬಗಳು ಉಂಟಾದವೆಂಬುದನ್ನು ಎಫ್.ಆರ್. ಆಲ್ಚಿನ್ ಅವರ ಉತ್ನೂರು ಉತ್ಖನನ ದೃಢಪಡಿಸಿತು, ಕೆ. ಪದ್ದಯ್ಯ ಅವರು ಬೂದಿಹಾಳದಲ್ಲಿ ನಡೆಸಿದ ಉತ್ಖನನ ಅಲ್ಲಿಯ ವಸತಿ ಹಾಗೂ ದೊಡ್ಡಿಯ ಸ್ವರೂಪವನ್ನು ಇನ್ನಷ್ಟು ತಿಳಿಯಪಡಿಸಿತು. ಈ ಸಂಸ್ಕೃತಿಯ ಕಾಲ ಕ್ರಿಸ್ತಪೂರ್ವ ಮೂರು ಮತ್ತು ಎರಡನೆಯ ಸಹಸ್ರಮಾನ. ಅಂದರೆ ಮೀಥೇನ್ ರೇಖೆ ಮೇಲ್ಮುಖವಾಗಿದ್ದ ಕಾಲವೇ. ಅಲ್ಲಿಯ ಮುಖ್ಯ ಬೆಳೆಗಳು ಕೊರಲೆಯಂಥ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರು ಎಂದು ಸಸ್ಯಾವಶೇಷಗಳ ಅಧ್ಯಯನ ತಿಳಿಸುತ್ತದೆ. ಭತ್ತದ ಗದ್ದೆಗಳು ಈ ಭಾಗಕ್ಕೆ ಬಂದದ್ದು ಬಹಳ ತಡವಾಗಿ. ಜಗತ್ತಿನ ಒಟ್ಟು ಲೆಕ್ಕದಲ್ಲಿ ದಖನ್ನಿನ ಈ ಹಿಂಡುಗಳ ಪಾಲು ಅತ್ಯಲ್ಪವೇ ಇದ್ದಿರಬೇಕು. ಆದರೂ ಏಷ್ಯಾದ ಕೃಷಿಯೆಂದರೆ ಭತ್ತವೊಂದೇ ಎಂದು ಲೆಕ್ಕ ಹಾಕುವುದು ಎಷ್ಟು ಅಪೂರ್ಣವೆಂಬುದಕ್ಕೆ ಈ ದಿಬ್ಬಗಳು ಸಾಕ್ಷಿ.

ವಿವಾದ ಒಂದು ಕಡೆಗೆ ಪೂರ್ಣವಾಗಿ ವಾಲಿಲ್ಲ. ಸೆಲಿಯಾ ಸಾಪಾರ್ ಮತ್ತು ಸಂಗಡಿಗರು 2012ರಲ್ಲಿ ಗ್ರೀನ್‌ಲ್ಯಾಂಡ್ ಮಂಜುಗಡ್ಡೆಯ ಮೀಥೇನಿನ ಇಂಗಾಲದ ಐಸೋಟೋಪುಗಳನ್ನು ಅಳೆದು, ಕಳೆದ ಎರಡು ಸಾವಿರ ವರ್ಷಗಳಲ್ಲಿ ಬೆಂಕಿಯಿಂದ ಹುಟ್ಟಿದ ಮೀಥೇನಿನ ಏರಿಳಿತ ಹವಾಮಾನದೊಂದಿಗೂ, ರೋಮನ್ ಸಾಮ್ರಾಜ್ಯ ಮತ್ತು ಚೀನಾದ ಹಾನ್ ವಂಶದ ಅವನತಿಯಂಥ ಸಾಮಾಜಿಕ ಘಟನೆಗಳೊಂದಿಗೂ ತಾಳೆಯಾಗುತ್ತದೆಂದು ಸೂಚಿಸಿದರು. ಲೋಗನ್ ಮಿಚೆಲ್ ಮತ್ತು ಸಂಗಡಿಗರು 2013ರಲ್ಲಿ ಗ್ರೀನ್‌ಲ್ಯಾಂಡ್ ಹಾಗೂ ಪಶ್ಚಿಮ ಅಂಟಾರ್ಕ್ಟಿಕಾದ ದಾಖಲೆಗಳ ನಡುವಣ ಭೇದವನ್ನು ಪರಿಶೀಲಿಸಿ, ಪ್ರಕೃತಿಯೊಂದರಿಂದಲೇ ಅಥವಾ ಮನುಷ್ಯನೊಬ್ಬನಿಂದಲೇ ಆ ಏರಿಕೆಯನ್ನು ವಿವರಿಸಲಾಗದು, ಎರಡೂ ಬೇಕು ಎಂಬ ನಿರ್ಣಯಕ್ಕೆ ಬಂದರು. ಸದ್ಯದ ಮಟ್ಟಿಗೆ ಇದೇ ಹೆಚ್ಚು ಸಮತೋಲನದ ನಿಲುವೆನ್ನಬಹುದು.

8. ಹಳೆಯ ಗಾಳಿ ಮತ್ತು ಇಂದಿನ ಹೊಣೆ

ಈ ಚರ್ಚೆ ಕೇವಲ ಪ್ರಾಚೀನ ಕಾಲದ ಕುತೂಹಲವಾಗಿ ಉಳಿದಿಲ್ಲ. ಇಂದಿನ ಮೀಥೇನಿಗೆ ಯಾರು ಎಷ್ಟು ಹೊಣೆ ಎಂಬ ಲೆಕ್ಕ ಅಂತರರಾಷ್ಟ್ರೀಯ ಮಾತುಕತೆಗಳಲ್ಲಿ ಬಡ ರೈತರ ಬದುಕನ್ನು ತಟ್ಟುತ್ತದೆ. 1990ರ ಆಸುಪಾಸಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಬರುತ್ತಿತ್ತು. ಭೌತವಿಜ್ಞಾನಿ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ಹಲವೆಡೆ ಗದ್ದೆಗಳಲ್ಲಿಯೇ ನಡೆದ ಅಳತೆ ಅದನ್ನು ಸುಮಾರು 40 ಲಕ್ಷ ಟನ್ನಿಗೆ ಇಳಿಸಿತು. ಬೇರೆ ದೇಶಗಳ ಗದ್ದೆಗಳ ಅಂಕಿಯನ್ನು ಭಾರತದ ಗದ್ದೆಗಳಿಗೆ ಅನ್ವಯಿಸಿದ್ದೇ ಈ ಅಗಾಧ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಅದೇ ವರ್ಷ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಹೊಟ್ಟೆಪಾಡಿಗಾಗಿ ಹೊರಬರುವ ಅನಿಲವನ್ನೂ ಭೋಗಜೀವನದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಾದಿಸಿದರು.

ಮಂಜುಗಡ್ಡೆ ಈ ಲೆಕ್ಕಕ್ಕೆ ಇನ್ನೊಂದು ಸಾಕ್ಷ್ಯವನ್ನು ಒದಗಿಸಿದೆ. ಭೂಗರ್ಭದ ಕಲ್ಲಿದ್ದಲು ಹಾಗೂ ತೈಲದ ಮೀಥೇನಿನಲ್ಲಿ ವಿಕಿರಣಶೀಲ ಇಂಗಾಲ-14 ಇರುವುದಿಲ್ಲ; ಗದ್ದೆ, ಜೌಗು, ದನಕರುಗಳ ಮೀಥೇನಿನಲ್ಲಿ ಇರುತ್ತದೆ. ಬೆಂಜಮಿನ್ ಹ್ಮೀಲ್ ಮತ್ತು ಸಂಗಡಿಗರು ಒಂದೊಂದು ಮಾದರಿಗೆ ಸುಮಾರು ಸಾವಿರ ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಿ, ಕೈಗಾರಿಕೆಗೆ ಮುಂಚಿನ ಮೀಥೇನಿನ ಇಂಗಾಲ-14ನ್ನು ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೂಗರ್ಭದಿಂದ ಸಹಜವಾಗಿ ಸೋರುವ ಮೀಥೇನ್ ವರ್ಷಕ್ಕೆ 4ರಿಂದ 6 ಕೋಟಿ ಟನ್ ಎಂಬ ಅಂದಾಜು ಅದುವರೆಗೆ ಬಳಕೆಯಲ್ಲಿತ್ತು. ಮಂಜುಗಡ್ಡೆಯ ಲೆಕ್ಕದಂತೆ ಅದು ಸುಮಾರು 16 ಲಕ್ಷ ಟನ್, ಗರಿಷ್ಠವೆಂದರೆ 54 ಲಕ್ಷ ಟನ್. ಇಂದಿನ ವಾತಾವರಣದಲ್ಲಿ ಕಾಣುವ ಭೂಗರ್ಭಮೂಲದ ಮೀಥೇನಿನಲ್ಲಿ ಪ್ರಕೃತಿಯ ಪಾಲು ಇಷ್ಟು ಕಡಿಮೆಯಾದರೆ ಉಳಿದುದು ಗಣಿ, ತೈಲಬಾವಿ ಮತ್ತು ಅನಿಲ ಕೊಳವೆಗಳದ್ದೇ ಆಗಬೇಕು. ಆ ಪಾಲನ್ನು ಈವರೆಗೆ ಶೇಕಡಾ 25ರಿಂದ 40ರಷ್ಟು ಕಡಿಮೆ ಅಂದಾಜು ಮಾಡಲಾಗಿತ್ತೆಂದು ಆ ಅಧ್ಯಯನ ಹೇಳಿತು. ನೆಲದ ಮೇಲಿನ ಸೋರಿಕೆಗಳನ್ನು ನೇರವಾಗಿ ಅಳೆಯುವ ಕೆಲವು ಭೂವಿಜ್ಞಾನಿಗಳು ಇದನ್ನು ಒಪ್ಪಿಲ್ಲ. ಆದರೂ ಚರ್ಚೆಯ ಭಾರ ಗದ್ದೆ ಮತ್ತು ಕೊಟ್ಟಿಗೆಯಿಂದ ಗಣಿ ಮತ್ತು ಕೊಳವೆಯ ಕಡೆಗೆ ಒಂದಿಷ್ಟು ಸರಿದಿರುವುದು ನಿಶ್ಚಿತ.

9. ಉಪಸಂಹಾರ

ಧ್ರುವ ಹಿಮದ ಗಾಳಿಯಿಂದ ಮೀಥೇನಿನ ಚರಿತ್ರೆಯನ್ನು ಪುನಾರಚಿಸುವ ಕೆಲಸ ಮೂಲತಃ ಆಕರವಿಮರ್ಶೆಯ ಕೆಲಸ. ಗಾಳಿಗೂ ಮಂಜುಗಡ್ಡೆಗೂ ಇರುವ ವಯಸ್ಸಿನ ಅಂತರ, ಫರ್ನ್ ಪದರದ ಬೆರಕೆ, ನಂತರದ ಸೇರ್ಪಡೆಗಳನ್ನು ಗುರುತಿಸಿದ ಮೇಲೆಯೇ ಒಂದು ಅಂಕಿಗೆ ಬೆಲೆ ಬರುತ್ತದೆ. ಒಂದು ಹಿಮಸ್ತಂಭ ಹೇಳಿದ್ದನ್ನು ಇನ್ನೊಂದು ಧ್ರುವದ ಹಿಮಸ್ತಂಭ ಸಮರ್ಥಿಸಿದಾಗ ಆ ಬೆಲೆ ಹೆಚ್ಚುತ್ತದೆ. ಪ್ರಮಾಣ ಎಷ್ಟಿತ್ತೆಂಬ ಪ್ರಶ್ನೆಗೆ ಮಂಜುಗಡ್ಡೆ ಖಚಿತವಾದ ಉತ್ತರ ಕೊಟ್ಟಿದೆ. ಅದು ಯಾರಿಂದ, ಯಾವ ಕಸುಬಿನಿಂದ ಬಂದಿತೆಂಬ ಪ್ರಶ್ನೆಗೆ ಉತ್ತರಿಸಲು ಗದ್ದೆಯ ಮಣ್ಣು, ಸುಟ್ಟ ಕಾಳು, ದನದ ಮೂಳೆ, ಬೂದಿಯ ದಿಬ್ಬಗಳ ಸಾಕ್ಷ್ಯವೂ ಬೇಕು. ಸಾಂಪ್ರದಾಯಿಕ ಬೇಸಾಯ ಹಾಗೂ ಪಶುಪಾಲನೆಯ ಪದ್ಧತಿಗಳನ್ನು ಪ್ರದೇಶವಾರು ದಾಖಲಿಸುವ ಜಾನಪದ ಅಧ್ಯಯನ ಈ ನಿಟ್ಟಿನಲ್ಲಿ ಹವಾಮಾನ ವಿಜ್ಞಾನಕ್ಕೆ ನೆರವಾಗಬಲ್ಲದು. ಎಲ್ಲಿ ನೀರು ನಿಲ್ಲಿಸಿ ನಾಟಿ ಮಾಡುತ್ತಿದ್ದರು, ಎಲ್ಲಿ ಒಣ ಬಿತ್ತನೆಯಿತ್ತು, ಎಲ್ಲಿ ಗದ್ದೆಯನ್ನು ನಡುವೆ ಒಣಗಲು ಬಿಡುತ್ತಿದ್ದರು ಎಂಬ ವಿವರ ತಿಳಿಯದೆ ಹಾಕಿದ ಲೆಕ್ಕ ಎಷ್ಟು ತಪ್ಪಬಹುದೆಂಬುದನ್ನು 1991ರ ಅನುಭವ ತೋರಿಸಿಕೊಟ್ಟಿದೆ.